ರಸಮೇವಿನ ತೇವಾಂಶ ನೋಡೋ ಮೈಕ್ರೋವೇವ್: ಹುಷಾರಾಗಿ ಬಳಸಿ

ಮೆಕ್ಕೆಜೋಳದ ರಸಮೇವು ಮಾಡೋ ಘಟಕದಲ್ಲಿ ನಾನು ಕೆಲಸ ಮಾಡ್ತೀನಿ. ಗುಂಡಿಗೆ ತುಂಬುವ ಮೊದಲು ಮೇವಿನ ತೇವಾಂಶ ಶೇ. 65ರಿಂದ 70 ಇರಬೇಕು. ಅದನ್ನು ಮೈಕ್ರೋವೇವ್ ಓವನ್‌ನಲ್ಲೇ ನೋಡ್ತೀವಿ. ಕತ್ತರಿಸಿದ ಮೇವು 100 ಗ್ರಾಂ ತೂಗಿ, ಗಾಜಿನ ತಟ್ಟೆಯಲ್ಲಿ ಹರಡಿ, ಒಣಗಿಸಿ ಮತ್ತೆ ತೂಗೋದು. 32 ಗ್ರಾಂ ಉಳಿದರೆ ತೇವಾಂಶ ಶೇ. 68.

ಅಪಾಯ ಇರೋದು ಕೊನೇ ಹಂತದಲ್ಲಿ. ನೀರೆಲ್ಲ ಹೋದ ಮೇಲೆ ಮೇವು ಕರಕಲಾಗಿ ಹೊತ್ತಿಕೊಳ್ಳುತ್ತೆ. ಅದಕ್ಕೇ ಮೊದಲು 3-4 ನಿಮಿಷ, ಆಮೇಲೆ ಒಂದೊಂದೇ ನಿಮಿಷ, ಕೊನೆಗೆ 30 ಸೆಕೆಂಡ್ ಅಷ್ಟೇ ಇಡಿ. ತೂಕ ಇಳಿಯೋದು ನಿಂತರೆ ಮುಗೀತು. ಒಳಗೆ ಮೂಲೆಯಲ್ಲಿ ಒಂದು ಲೋಟ ನೀರು ಇರಲಿ. ಗಾಜಿನ ಲೋಟ, ಸ್ಟೀಲ್ ಬೇಡ. ಆ ನೀರು ಗುಳ್ಳೆಯೇಳದೆಯೂ 100 ಡಿಗ್ರಿ ದಾಟಿರಬಹುದು, ಅಲುಗಿಸಿದರೆ ಮುಖಕ್ಕೆ ಚಿಮ್ಮುತ್ತೆ. ಸ್ವಲ್ಪ ಆರಲು ಬಿಟ್ಟು ತೆಗೀರಿ.

ಹೊಗೆ ಬಂತಾ? ಬಾಗಿಲು ತೆಗೀಬೇಡಿ, ಗಾಳಿ ಸಿಕ್ಕರೆ ಬೆಂಕಿ ಜೋರಾಗುತ್ತೆ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು ಕಾಯಿರಿ.

ಅರ್ಥಿಂಗ್ ಇರೋ 16 ಆಂಪಿಯರ್ ಸಾಕೆಟ್ಟೇ ಬೇಕು. ಬಾಗಿಲು ಸರಿಯಾಗಿ ಮುಚ್ಚದ ಓವನ್ ಬಳಸಲೇಬೇಡಿ. ಮೋಟಾರ್ ಸ್ಟಾರ್ಟರ್ ಬಿಚ್ಚಿ ಅಭ್ಯಾಸ ಇರೋ ನಮ್ಮ ಹುಡುಗರಿಗೆ ಇದನ್ನೂ ಬಿಚ್ಚೋ ಆಸೆ. ಪ್ಲಗ್ ಕಿತ್ತರೂ ಒಳಗಿನ ಕೆಪಾಸಿಟರ್‌ನಲ್ಲಿ 2,000 ವೋಲ್ಟ್‌ನಷ್ಟು ಉಳಿದಿರಬಹುದು, ಜೀವಾನೇ ಹೋಗುತ್ತೆ.

ಇನ್ನು ಊಟದ ಡಬ್ಬಿ. ಮೇವಿನ ಬೆಳೆಗೆ ಔಷಧಿ ಹೊಡೆದಿರ್ತಾರೆ, ಅದೇ ಓವನ್‌ನಲ್ಲಿ ಅನ್ನ ಬಿಸಿ ಮಾಡೋದು ಬೇಡ. ನಮ್ಮಲ್ಲಿ ಅದರ ಮೇಲೆ ‘ಮೇವಿಗೆ ಮಾತ್ರ’ ಅಂತ ಬರೆದು ಅಂಟಿಸಿದೀವಿ.