ಈರ್ಯಾಸಮಿತಿ: ನೋಡಿ ಕಲಿಯುವ ನಡಿಗೆ

ಮುನಿಗಳ ಐದು ಸಮಿತಿಗಳಲ್ಲಿ ಮೊದಲನೆಯದು ಈರ್ಯಾಸಮಿತಿ. ಹಗಲು ಬೆಳಕಿನಲ್ಲಿ, ಮುಂದಿನ 4 ಮೊಳ, ಅಂದರೆ ಸುಮಾರು 6 ಅಡಿ ನೆಲವನ್ನು ನೋಡುತ್ತಾ, ಯಾವ ಜೀವಿಗೂ ನೋವಾಗದಂತೆ ನಡೆಯುವುದೇ ಇದು.

ಇದನ್ನು ಓದಿ ತಿಳಿದಿದ್ದೆ. ನಡೆದು ಕಲಿತದ್ದು ಪೀಣ್ಯದ ತುಮಕೂರು ರಸ್ತೆಯಲ್ಲಿ, ವಿಹಾರದ ಸೇವೆಗೆ ಹೋದಾಗ. ಲಾರಿಗಳ ಸದ್ದಿನಲ್ಲೂ ಮಹಾರಾಜರು ತಲೆ ಎತ್ತಲಿಲ್ಲ, ಮಾತಾಡಲಿಲ್ಲ. ಇರುವೆ ಸಾಲು ಕಂಡಲ್ಲಿ ನಿಂತರು. ಹಿಂದಿದ್ದ ನಾವೂ ನಿಂತೆವು.

ಅವರ ದೃಷ್ಟಿ ನೆಲದ ಮೇಲಿರುವುದರಿಂದ ವಾಹನ ನೋಡುವ ಹೊಣೆ ಶ್ರಾವಕರದು. ಮುಂದೊಬ್ಬರು, ಹಿಂದೊಬ್ಬರು ಹೊಳೆಯುವ ಜಾಕೆಟ್ ತೊಟ್ಟು ನಡೆಯಬೇಕು. ಫೋಟೊ, ಹರಟೆ ಬೇಡ.

ವಾಹನ ಕಡಿಮೆಯಿರುವ ದಾರಿಯ ವಿಹಾರಕ್ಕೆ ಮಕ್ಕಳನ್ನೂ ಕರೆತನ್ನಿ. ಹೇಳಿಕೊಡುವುದು ಬೇಡ, ನೋಡಿಯೇ ಕಲಿಯುತ್ತಾರೆ.