‘ಇಲ್ಲ’ ಬಂದಾಗ ಭೂತಕಾಲ ಎಲ್ಲಿಗೆ ಹೋಗುತ್ತದೆ?

ತಮಿಳುನಾಡಿನ ತೇನಿ ಜಿಲ್ಲೆಯ ಓಡೈಪಟ್ಟಿ ದ್ರಾಕ್ಷಿತೋಟಗಳ ಊರು. ಕಂಬಂ ಕಣಿವೆಯ ಈ ಸೀಮೆಯಲ್ಲಿ ಕಾಪ್ಪಿಲಿಯರ್ ಮೊದಲಾದ ಒಕ್ಕಲು ಕುಟುಂಬಗಳ ಮನೆಮಾತು ಕನ್ನಡ, ಶಾಲೆಯ ಮಾತು ತಮಿಳು. ಇಂಗ್ಲಿಷ್ ಮೂರನೆಯದಾಗಿ ಬರುತ್ತದೆ. ಅದರ ಭೂತಕಾಲವನ್ನು ಕಲಿಯುವಾಗ ಮನೆಯ ಕನ್ನಡ ಎಷ್ಟು ನೆರವಾದೀತು? ಭಾಷಾಶಾಸ್ತ್ರ ಓದುವವರಿಗೂ ಇದು ಯೋಚಿಸತಕ್ಕ ಪ್ರಶ್ನೆ.

ಇಂಗ್ಲಿಷಿನ ನಿಯತ ಕ್ರಿಯಾಪದಗಳಿಗೆ ಭೂತಕಾಲದಲ್ಲಿ ಸೇರುವ ಪ್ರತ್ಯಯ ಬರಹದಲ್ಲಿ ಒಂದೇ, ಉಚ್ಚಾರದಲ್ಲಿ ಮೂರು. ತೋಟದ ಕೆಲಸವನ್ನೇ ನೋಡಬಹುದು: ಪಿಕ್–ಪಿಕ್ಟ್, ಪ್ರೂನ್–ಪ್ರೂನ್ಡ್, ಪ್ಲಾಂಟ್–ಪ್ಲಾಂಟಿಡ್. ಧಾತುವಿನ ಕೊನೆಯಲ್ಲಿ ಅಘೋಷ ಧ್ವನಿಯಿದ್ದರೆ ‘ಟ್’, ಘೋಷವಿದ್ದರೆ ‘ಡ್’. ಟಕಾರ ಡಕಾರಗಳೇ ಇದ್ದರೆ ‘ಇಡ್’. ಕನ್ನಡದ ಪ್ರತ್ಯಯ ‘ದ’: ಕತ್ತರಿಸಿದನು, ಕರೆದನು. ಆದರೆ ಕಲಿತನು, ನೆಟ್ಟನು, ಕಿತ್ತನು ಎಂಬ ರೂಪಗಳನ್ನು ರೂಢಿಯಿಂದಲೇ ಅರಿಯಬೇಕು. ಈ ಮಟ್ಟಿಗೆ ಇಂಗ್ಲಿಷೇ ಸುಲಭ. (ಪ್ರೂನ್ ಮಾಡುವುದಕ್ಕೆ ವಿಜಯಪುರದ ಬೆಳೆಗಾರರು ಮರಾಠಿಯಿಂದ ಬಂದ ‘ಚಾಟ್ನಿ’ ಎಂಬ ಮಾತನ್ನೇ ಬಳಸುತ್ತಾರೆ.)

ತೊಡಕು ಇರುವುದು ನಿಷೇಧದಲ್ಲಿ. ‘ಹಿ ಡಿಡ್ ನಾಟ್ ಪ್ರೂನ್ಡ್’ ಎಂದು ಬರೆಯುವ ವಿದ್ಯಾರ್ಥಿಗಳು ಎಲ್ಲ ಕಡೆಯೂ ಇದ್ದಾರೆ. ಅದೇ ವಿದ್ಯಾರ್ಥಿ ‘ಕತ್ತರಿಸಿದಲಿಲ್ಲ’ ಎಂದು ಎಂದೂ ಹೇಳಲಾರ. ‘ಕತ್ತರಿಸಿದನು’ ಎಂಬುದರ ನಿಷೇಧ ‘ಕತ್ತರಿಸಲಿಲ್ಲ’. ‘ದ’ ಮಾತ್ರವಲ್ಲ, ‘ಅನು’ ಎಂಬ ಆಖ್ಯಾತಪ್ರತ್ಯಯವೂ ಅಲ್ಲಿ ಬಿದ್ದುಹೋಗಿದೆ. ತಮಿಳಿನ ‘ವೆಟ್ಟಿನಾನ್’, ‘ವೆಟ್ಟವಿಲ್ಲೈ’ ಆಗುವುದೂ ಹೀಗೆಯೇ. ಹಳಗನ್ನಡದ ‘ನೋಡಂ’ ಎಂಬ ನಿಷೇಧರೂಪದಲ್ಲಂತೂ ಕಾಲಪ್ರತ್ಯಯವೇ ಇಲ್ಲ, ಕಾಲವನ್ನು ಸಂದರ್ಭದಿಂದ ತಿಳಿಯಬೇಕು. ಇಂಗ್ಲಿಷಿನಲ್ಲಿ ಕಾಲವು ‘ಡಿಡ್’ ಎಂಬ ಸಹಾಯಕ್ರಿಯೆಗೆ ಹೋಗಿ ಸೇರುತ್ತದೆ, ಧಾತು ಬರಿದಾಗಿ ಉಳಿಯುತ್ತದೆ. ದಾರಿ ಬೇರೆಯಾದರೂ ನಿಷೇಧದಲ್ಲಿ ಧಾತು ಭೂತಪ್ರತ್ಯಯವನ್ನು ಕಳಚುವುದು ಓಡೈಪಟ್ಟಿಯ ಮಗುವಿಗೆ ಎರಡು ಭಾಷೆಗಳಲ್ಲಿ ಮೊದಲೇ ಗೊತ್ತು. ಗೊತ್ತಿದೆಯೆಂದು ಯಾರಾದರೂ ತೋರಿಸಿಕೊಡಬೇಕು, ಅಷ್ಟೆ.

ಮರಾಠಿ ಮಾಧ್ಯಮದಿಂದ ಬಂದವರಿಗೆ ಈ ಆಸರೆ ಇಲ್ಲ. ‘ತೋ ಚಾಲಲಾ’ ಎಂಬುದು ‘ತೋ ಚಾಲಲಾ ನಾಹೀ’ ಆಗುವಾಗ ಭೂತರೂಪ ಕದಲುವುದೇ ಇಲ್ಲ. ಬೆಳಗಾವಿಯ ಕಡೆಯ ಕೆಲವರ ತಪ್ಪಿಗೆ ಇದೂ ಕಾರಣವಿರಬಹುದು. ಅದನ್ನು ದಡ್ಡತನವೆನ್ನುವುದು ಅನ್ಯಾಯ.

ಪ್ರಶ್ನೆಯಲ್ಲಿ ಮಾತ್ರ ಕನ್ನಡ ಕೈಕೊಡುತ್ತದೆ. ‘ಕತ್ತರಿಸಿದನೇ?’ ಎನ್ನುವಾಗ ‘ದ’ ಉಳಿದಿದೆ, ‘ಡಿಡ್ ಹಿ ಪ್ರೂನ್?’ ಎನ್ನುವಾಗ ಧಾತು ಮತ್ತೆ ಬರಿದು. ‘ಇದ್ದ’ ಸೇರಿದ ರೂಪಗಳಲ್ಲಿಯೂ ಎಚ್ಚರ ಬೇಕು. ‘ಮಳೆಗೆ ಮೊದಲೇ ಕತ್ತರಿಸಿದ್ದೆನು’ ಎಂಬಲ್ಲಿ ‘ಹ್ಯಾಡ್ ಪ್ರೂನ್ಡ್’ ಸರಿಹೊಂದುತ್ತದೆ. ‘ನಿನ್ನೆ ಕತ್ತರಿಸಿದ್ದೇನೆ’ ಎಂಬುದೂ ಕನ್ನಡದಲ್ಲಿ ಶುದ್ಧವೇ. ಆದರೆ ‘ನಿನ್ನೆ’ ಎಂದ ಮೇಲೆ ಇಂಗ್ಲಿಷ್ ‘ಹ್ಯಾವ್ ಪ್ರೂನ್ಡ್’ ಅನ್ನು ಒಪ್ಪದು, ‘ಪ್ರೂನ್ಡ್’ ಎಂದಷ್ಟೇ ಬರೆಯಬೇಕು.