ಶೇಂಗಾ, ಓಟ್ಸ್ ಮತ್ತು ಮಿಕ್ಸಿ ಮುಚ್ಚಿಡುವ ಸಂಗತಿ

ಹುಬ್ಬಳ್ಳಿ, ದಾವಣಗೆರೆಯ ಹಾಸ್ಟೆಲುಗಳಿಂದ ರಜೆಗೆ ಬರುವ ಹುಡುಗರ ಬ್ಯಾಗಿನಲ್ಲಿ ಈಗ ಪೀನಟ್ ಬಟರ್ ಡಬ್ಬಿ ಇರುತ್ತದೆ. ಅಟ್ಟದ ಮೇಲೆ ಶೇಂಗಾ ಚೀಲ ಪೇರಿಸಿಟ್ಟ ಮನೆಗೆ ಬರುವಾಗಲೂ! ಬೆಳಿಗ್ಗೆ ಎದ್ದು ಅದನ್ನು ಓಟ್ಸ್, ಹಾಲು, ಬಾಳೆಹಣ್ಣಿನ ಜೊತೆ ಮಿಕ್ಸಿಗೆ ಹಾಕಿ ಗಟಗಟ ಕುಡಿಯುತ್ತಾರೆ. ಅಜ್ಜಿ ಒಂದು ಹೇಳುತ್ತಾಳೆ, ಮೊಮ್ಮಗ ಇನ್ನೊಂದು ಹೇಳುತ್ತಾನೆ. ತಿಳವಳ್ಳಿ, ಹಾನಗಲ್ ಸೀಮೆಯಲ್ಲಿ ಈ ಸ್ಮೂದಿಯ ಸುತ್ತ ಓಡಾಡುವ ಮಾತುಗಳನ್ನು ಒಂದೊಂದಾಗಿ ನೋಡೋಣ. ಇಬ್ಬರೂ ಅಲ್ಲಲ್ಲಿ ಸರಿ, ಅಲ್ಲಲ್ಲಿ ತಪ್ಪು.

“ಅದು ಪರದೇಶದ್ದು, ನಮ್ಮ ಶೇಂಗಾದಿಂದ ಆಗೂದಿಲ್ಲ”

ಹಾಗೆ ನೋಡಿದರೆ ಶೇಂಗಾವೇ ಪರದೇಶದ್ದು. ಅದರ ತವರು ದಕ್ಷಿಣ ಅಮೆರಿಕ. ತಿಳವಳ್ಳಿಯ ಶಾಂತೇಶ್ವರ ಗುಡಿ ಎದ್ದ 13ನೇ ಶತಮಾನದಲ್ಲಿ ಈ ನೆಲದಲ್ಲಿ ಯಾರೂ ಶೇಂಗಾ ಕಂಡಿರಲಿಲ್ಲ. ಬಂದ ಮೇಲೆ ಮಾತ್ರ ಹಿಂಡಿ, ಉಂಡಿ, ಹೋಳಿಗೆಗಳಲ್ಲಿ ಎಷ್ಟು ಬೆರೆತಿತೆಂದರೆ ಪರಕೀಯ ಎನ್ನಲು ಬಾಯಿ ಬಾರದು. ಬೆಣ್ಣೆಯಂತೆ ಅರೆಯುವ ವಿಧಾನಕ್ಕೆ ಕೆನಡಾದ ಮಾರ್ಸೆಲಸ್ ಎಡ್ಸನ್ 1884ರಲ್ಲಿ ಅಮೆರಿಕದ ಪೇಟೆಂಟ್ ಪಡೆದ. ಪೀನಟ್ ಬಟರನ್ನು ಅಮೆರಿಕದ ಕೃಷಿ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಕಂಡುಹಿಡಿದರೆಂದು ನಮ್ಮ ಶಾಲೆಗಳಲ್ಲೂ ಹೇಳುವವರಿದ್ದಾರೆ, ಅದೂ ನಿಜವಲ್ಲ. ಕಾರ್ವರ್ ಶೇಂಗಾದ ದೊಡ್ಡ ಪ್ರಚಾರಕರು, ಅಷ್ಟೇ. ಹಳೆಯ ಟಿಎಂವಿ-2 ತಳಿ ಇರಲಿ, ಧಾರವಾಡ ಕೃಷಿ ವಿಶ್ವವಿದ್ಯಾಲಯದ ಜಿಪಿಬಿಡಿ-4 ಇರಲಿ, ಬೀಜದ ಹೆಚ್ಚುಕಡಿಮೆ ಅರ್ಧ ತೂಕ ಎಣ್ಣೆ, ಕಾಲು ಭಾಗ ಪ್ರೋಟೀನು. ಬೆಣ್ಣೆಯಾಗಲು ಇನ್ನೇನೂ ಬೇಕಿಲ್ಲ.

“ಮಿಕ್ಸ್ಯಾಗ ಬರೇ ಪುಡಿ ಆಗತೈತಿ, ಎಣ್ಣಿ ಹಾಕಬೇಕು”

ಪುಡಿಯಾಗುವುದು ನಿಜ, ಆದರೆ ಅದು ನಡುದಾರಿ. ಬಹಳ ಜನ ಅಲ್ಲಿಗೇ ಕೈಬಿಟ್ಟು, ಮೇಲೆ ಎಣ್ಣೆ ಸುರಿಯುತ್ತಾರೆ ಅಥವಾ ಅದಕ್ಕಿಂತ ಕೆಟ್ಟದ್ದಾಗಿ ನೀರು ಹಾಕುತ್ತಾರೆ. ನೀರು ಬಿದ್ದರೆ ಅದು ಚಟ್ನಿ. ಎರಡು ದಿನಕ್ಕೆ ಹಳಸುತ್ತದೆ.

ಶೇಂಗಾವನ್ನು ಸಣ್ಣ ಉರಿಯಲ್ಲಿ, ಸಿಪ್ಪೆ ತಾನಾಗಿ ಬಿಡುವವರೆಗೆ ಹುರಿಯಬೇಕು. ಉರಿ ಜೋರಾದರೆ ಹೊರಗೆ ಕಪ್ಪು, ಒಳಗೆ ಹಸಿ. ಕೈಯಲ್ಲಿ ತಿಕ್ಕಿ, ಮರದಲ್ಲಿ ಕೇರಿ, ಇನ್ನೂ ಸ್ವಲ್ಪ ಬೆಚ್ಚಗಿರುವಾಗಲೇ ಸಣ್ಣ ಜಾರಿನಲ್ಲಿ ಅರ್ಧದವರೆಗೆ ತುಂಬಿ ತಿರುಗಿಸಬೇಕು. ಮೊದಲು ಹಿಂಡಿಯಂಥ ಪುಡಿ. ಆಮೇಲೆ ಅದು ಜಾರಿನ ಗೋಡೆಗೆ ಮೆತ್ತಿಕೊಂಡು ಬ್ಲೇಡು ಸುಮ್ಮನೆ ತಿರುಗುತ್ತದೆ. ಇಲ್ಲಿ ಬೇಸರಿಸದೆ ಚಮಚದಿಂದ ಕೆರೆದು ಕೆಳಗೆ ತಳ್ಳಿ, ಮೋಟಾರಿಗೆ ಒಂದಿಷ್ಟು ವಿಶ್ರಾಂತಿ ಕೊಟ್ಟು, ಮತ್ತೆ ಅರೆಯಬೇಕು. ಬಿಸಿಗೆ, ತಿಕ್ಕಾಟಕ್ಕೆ ಎಣ್ಣೆ ಬಿಡುತ್ತ ಹೋಗಿ ಮುದ್ದೆಯಾಗುತ್ತದೆ. ಮುದ್ದೆ ಇದ್ದಕ್ಕಿದ್ದಂತೆ ಸಡಿಲಾಗಿ ಮಿನುಗುತ್ತ ಹರಿಯತೊಡಗುತ್ತದೆ. ಆ ಗಳಿಗೆ ನೋಡಲು ಚೆಂದ. ಭಟ್ಟಿಯಲ್ಲಿ ಉಸುಕಿನಲ್ಲಿ ಹುರಿದ ಉಪ್ಪಿಲ್ಲದ ಶೇಂಗಾ ತಂದರೆ ಅರ್ಧ ಕೆಲಸ ಮುಗಿದಂತೆಯೇ. ಉಸುಕು ಮಾತ್ರ ಚೆನ್ನಾಗಿ ಕೇರಿ ತೆಗೆಯಬೇಕು.

ಮನೆಯ ಡಬ್ಬಿಯಲ್ಲಿ ಮರುದಿನ ಎಣ್ಣೆ ಮೇಲೆ ತೇಲಿದರೆ ಕೆಟ್ಟಿತೆಂದು ಚೆಲ್ಲಬೇಡಿ, ಕಲಕಿದರೆ ಸರಿಹೋಗುತ್ತದೆ. ಅಂಗಡಿಯ ಹಲವು ಡಬ್ಬಿಗಳಲ್ಲಿ ಹಾಗೆ ತೇಲದಂತೆ ಗಟ್ಟಿ ಮಾಡಿದ ಎಣ್ಣೆ, ಜೊತೆಗೆ ಸಕ್ಕರೆ ಬೆರೆಸಿರುತ್ತಾರೆ. ಹಿಂಬದಿಯ ಸಣ್ಣ ಅಕ್ಷರ ಓದುವ ತಾಳ್ಮೆ ಇದ್ದವರಿಗೆ ಅದು ಸಿಗುತ್ತದೆ.

“ಹೆಂಗೂ ಅರೀತೀವಿ, ಚಲೋ ಕಾಳ ಯಾಕ? ಹುರದ್ರ ಎಲ್ಲಾ ಸರಿ ಆಗತೈತಿ”

ಈ ಬರಹಕ್ಕೆ ಕಾರಣವೇ ಈ ಮಾತು. ಗಟ್ಟಿ ಕಾಳು ಮಾರಾಟಕ್ಕೆ ಅಥವಾ ಬಿತ್ತನೆಗೆ, ಸುಕ್ಕಿದ್ದು, ಬಣ್ಣಗೆಟ್ಟದ್ದು ಮನೆಯ ಹಿಂಡಿಗೆ ಎಂಬುದು ನಮ್ಮಲ್ಲಿ ಹಳೆಯ ಲೆಕ್ಕ. ಇಡೀ ಕಾಳು ತಿನ್ನುವವನಿಗೆ ಕಹಿಯಾದದ್ದು ನಾಲಿಗೆಗೆ ಗೊತ್ತಾಗುತ್ತದೆ, ಥೂ ಎಂದು ಉಗುಳುತ್ತಾನೆ. ಮಿಕ್ಸಿ ಆ ಎಚ್ಚರಿಕೆಯನ್ನು ಕಿತ್ತುಕೊಳ್ಳುತ್ತದೆ. ಹತ್ತು ಕೆಟ್ಟ ಕಾಳು ನೂರು ಒಳ್ಳೆಯದರಲ್ಲಿ ಅರೆದುಹೋದರೆ, ಮೇಲೆ ಬಾಳೆಹಣ್ಣು, ಬೆಲ್ಲ ಬಿದ್ದರೆ, ರುಚಿಯಲ್ಲಿ ಏನೂ ತಿಳಿಯದು.

1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತವು. ಹುಡುಕುತ್ತ ಹೋದಾಗ ಬ್ರೆಜಿಲ್‌ನಿಂದ ತರಿಸಿದ ಶೇಂಗಾ ಹಿಂಡಿಯ ಮೇವು ಕಾರಣವೆಂದು ಗೊತ್ತಾಯಿತು. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಬಿಟ್ಟಿತ್ತು. ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗಬಲ್ಲ ವಸ್ತುಗಳಲ್ಲಿ ಇದು ಸಾಬೀತಾದದ್ದು. ಹುರಿದರೆ ಬೂಷ್ಟು ಸಾಯುತ್ತದೆ. ಅದು ಬಿಟ್ಟ ವಿಷ ಒಂದಿಷ್ಟು ಕಡಿಮೆಯಾದೀತು, ಪೂರ್ತಿ ಹೋಗುವುದಿಲ್ಲ.

ಇದು ಹೊಲದಿಂದಲೇ ಶುರುವಾಗುವ ಕಥೆ. ಕಾಯಿ ಬಲಿಯುವಾಗ ನೆಲ ಬಿರಿಯುವಷ್ಟು ಒಣಹವೆ, ಕಿತ್ತಾಗ ಸರಿಯಾಗಿ ಹಿಂಗಾರಿ ಮಳೆ — ಸವಣೂರು, ಶಿಗ್ಗಾಂವಿ, ಹಿರೇಕೆರೂರಿನ ಶೇಂಗಾ ಬೆಳೆದವರಿಗೆ ಹೊಸತೇನಲ್ಲ. ಎರಡೂ ಬೂಷ್ಟಿಗೆ ಹಬ್ಬ. ಬಳ್ಳಿ ತಿರುವಿ ಹಾಕಿ, ಕಾಯಿಗೆ ಬಿಸಿಲು ತಾಗುವಂತೆ ಒಣಗಿಸಬೇಕು. ಕಾಯಿ ಅಲ್ಲಾಡಿಸಿದರೆ ಒಳಗೆ ಕಾಳು ಗಲಗಲ ಎನ್ನಬೇಕು. ಸಿಪ್ಪೆ ಸಮೇತ ಇಟ್ಟದ್ದು ಬಿಡಿಸಿಟ್ಟ ಕಾಳಿಗಿಂತ ಹೆಚ್ಚು ಕಾಲ ಬಾಳುತ್ತದೆ. ಅರೆಯುವ ಮೊದಲು ತಟ್ಟೆಯಲ್ಲಿ ಹರವಿ ಸುಕ್ಕಿದ್ದು, ಕಪ್ಪಾದದ್ದು, ಹುಳ ತೂತು ಮಾಡಿದ್ದು, ಮುಗ್ಗಲು ವಾಸನೆಯದು ಎಲ್ಲ ತೆಗೆದುಬಿಡಿ. ತೆಗೆದದ್ದನ್ನು ಎಮ್ಮೆಗೂ ಹಾಕಬೇಡಿ. ಬೂಷ್ಟು ಹಿಡಿದ ಶೇಂಗಾ, ಹಿಂಡಿ ತಿಂದ ಎಮ್ಮೆಯ ಹಾಲಿಗೂ ಅದೇ ವಿಷದ ಇನ್ನೊಂದು ರೂಪ ಇಳಿಯುತ್ತದೆ. ಆ ಹಾಲು ಮತ್ತೆ ಇದೇ ಗ್ಲಾಸಿಗೆ ಬರುತ್ತದೆ.

“ಹಸಿ ಓಟ್ಸ್ ಹೊಟ್ಟಿ ಕೆಡಸತೈತಿ, ಲೋಳಿ ತೊಳದ ಹಾಕಬೇಕು”

ಅಂಗಡಿಯ ಅವಲಕ್ಕಿಯಂಥ ಓಟ್ಸ್ ಹಸಿಯದ್ದಲ್ಲ. ಕಾರ್ಖಾನೆಯಲ್ಲೇ ಹಬೆಯಲ್ಲಿ ಬೇಯಿಸಿ, ಉರುಳೆಗಳ ನಡುವೆ ಚಪ್ಪಟೆ ಮಾಡಿದ್ದು. ಹತ್ತಿಪ್ಪತ್ತು ನಿಮಿಷ ಹಾಲಿನಲ್ಲಿ ನೆನೆಸಿದರೆ ಸಾಕು. ನೆನೆದಾಗ ಬರುವ ಲೋಳೆಯೇ ಬೀಟಾ ಗ್ಲೂಕಾನ್ ಎಂಬ ನಾರು, ಓಟ್ಸಿಗೆ ಹೆಸರು ತಂದದ್ದು ಅದೇ. ತೊಳೆದು ಚೆಲ್ಲಿದವರು ದುಡ್ಡು ಕೊಟ್ಟದ್ದನ್ನೇ ಚೆಲ್ಲಿದರು. ಹಾಗೆಂದು ಒಂದು ಗ್ಲಾಸಿನಿಂದ ಕೊಲೆಸ್ಟ್ರಾಲ್ ಇಳಿದುಬಿಡುತ್ತದೆ ಎಂಬ ಮೊಮ್ಮಗನ ಮಾತೂ ಉತ್ಪ್ರೇಕ್ಷೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1997ರಲ್ಲಿ ಒಪ್ಪಿದ ಪ್ರಮಾಣ ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕಾನ್. ಅದಕ್ಕೆ ಸುಮಾರು 75 ಗ್ರಾಂ ಓಟ್ಸ್ ಬೇಕು. ಗ್ಲಾಸಿಗೆ ಬೀಳುವುದು ಅದರ ಅರ್ಧದಷ್ಟು.

ಓಟ್ಸ್ ಬದಲು ಜೋಳದ ಹಿಟ್ಟು, ರಾಗಿ ಹಿಟ್ಟು ಹಸಿಯಾಗಿಯೇ ಹಾಕುವವರಿದ್ದಾರೆ. ಅದು ಬೇಡ, ಅವು ಬೆಂದದ್ದಲ್ಲ. ಆರಿದ ರಾಗಿ ಅಂಬಲಿ ಆಗಬಹುದು. ನನ್ನನ್ನು ಕೇಳಿದರೆ ಅದಕ್ಕೂ ಮೇಲು ಪಂಚಮಿಯ ಅಳ್ಳಿಟ್ಟು: ಜೋಳ ಅರಳಿದಾಗಲೇ ಬೆಂದಿರುತ್ತದೆ, ಹಾಲಿನಲ್ಲಿ ಗಂಟಿಲ್ಲದೆ ಕರಗುತ್ತದೆ. ಅಳ್ಳಿಟ್ಟು, ಶೇಂಗಾ ಬೆಣ್ಣೆ, ಚೂರು ಬೆಲ್ಲ, ತಣ್ಣನೆ ಹಾಲು. ನಾಗರ ಪಂಚಮಿಯ ಉಂಡಿಯನ್ನೇ ಕುಡಿದ ಹಾಗಿರುತ್ತದೆ.

“ಹಾಲಿಗೆ ಬಾಳಿಹಣ್ಣ ಕೂಡಸಬಾರದು”

ಆಯುರ್ವೇದದಲ್ಲಿ ಹೀಗೊಂದು ನಿಷೇಧ ಇದೆ. ಇಂದಿನ ಪೋಷಣಾಶಾಸ್ತ್ರದಲ್ಲಿ ಅದಕ್ಕೆ ಆಧಾರ ಸಿಕ್ಕಿಲ್ಲ. ನಮ್ಮ ಮನೆಗಳ ರೂಢಿಯೂ ಅದನ್ನು ಪಾಲಿಸಿಲ್ಲ: ಪಂಚಾಮೃತಕ್ಕೆ ಬಾಳೆಹಣ್ಣು ಹಿಚುಕುತ್ತೇವೆ, ಬಾಳೆಹಣ್ಣಿನ ಶೀಕರಣಿಗೆ ಹಾಲು ಹಾಕುತ್ತೇವೆ. ಬೇಸಿಗೆಯಲ್ಲಿ ಹಾನಗಲ್ಲಿನ ಆಪೂಸು ಸಿಗುವಾಗ ಬಾಳೆಹಣ್ಣಿನ ಗೊಡವೆಯೇ ಬೇಡ. ಹಾಲು ಒಗ್ಗದವರಿಗೆ ಮೊಸರು ಒಗ್ಗಬಹುದು.

“ಕುಡಿಯೂದಲ್ಲ, ಹಗರ ಇರತೈತಿ”

ಲೆಕ್ಕ ಹಾಕೋಣ. ಎರಡು ದೊಡ್ಡ ಚಮಚ ಶೇಂಗಾ ಬೆಣ್ಣೆಗೆ ಸುಮಾರು 190 ಕ್ಯಾಲರಿ, 40 ಗ್ರಾಂ ಓಟ್ಸಿಗೆ 150, 200 ಮಿಲಿ ಟೋನ್ಡ್ ಹಾಲಿಗೆ 120, ಬಾಳೆಹಣ್ಣಿಗೆ 100. ಒಟ್ಟು 560ರ ಆಸುಪಾಸು, ಗಟ್ಟಿ ಎಮ್ಮೆ ಹಾಲಾದರೆ ಇನ್ನೂ ನೂರರಷ್ಟು ಹೆಚ್ಚು. ಮೂರು ಜೋಳದ ರೊಟ್ಟಿಗೆ ಕಮ್ಮಿಯಿಲ್ಲ. ಪ್ರೋಟೀನು 20 ಗ್ರಾಂ ಹತ್ತಿರ. 55 ಕಿಲೋ ತೂಕದ ಹೆಣ್ಣುಮಗಳಿಗೆ ಐಸಿಎಂಆರ್ 2020ರಲ್ಲಿ ಹೇಳಿದ್ದು ದಿನಕ್ಕೆ ಸುಮಾರು 46 ಗ್ರಾಂ. ಹಾಗಾಗಿ ಬೆಳಿಗ್ಗೆ ಹೊಲಕ್ಕೆ, ಕಾಲೇಜಿಗೆ ಓಡುವವರಿಗೆ ಇದು ಒಳ್ಳೆಯ ನಾಷ್ಟಾ. ಉಪ್ಪಿಟ್ಟು ತಿಂದು ಮೇಲೆ ಇದನ್ನೂ ಕುಡಿದರೆ ಎರಡು ಹೊತ್ತಿನದು ಒಂದೇ ಹೊತ್ತಿಗೆ ಮುಗಿಯಿತು.

ಶೇಂಗಾದಲ್ಲಿ ಕೊಲೆಸ್ಟ್ರಾಲ್ ಇದೆ ಎಂಬುದು ಸುಳ್ಳು, ಯಾವ ಕಾಳಿನಲ್ಲೂ ಅದು ಇರುವುದಿಲ್ಲ. ಅದರ ಕೊಬ್ಬಿನ ಬಹುಪಾಲು ಅಪರ್ಯಾಪ್ತ ಬಗೆಯದು. ಬೆಲ್ಲ ಹಾಕಿದರೆ ಸಕ್ಕರೆ ಕಾಯಿಲೆಯವರಿಗೆ ನಡೆಯುತ್ತದೆ ಎಂಬುದೂ ಸುಳ್ಳು. ರಕ್ತಕ್ಕೆ ಸೇರಿದ ಮೇಲೆ ಬೆಲ್ಲ, ಸಕ್ಕರೆ ಎರಡೂ ಒಂದೇ.

“ಸಣ್ಣ ಕೂಸಿಗೆ ಶೇಂಗಾ ತೋರಸಲೇಬಾರದು”

ಇಡೀ ಕಾಳು ಕೊಡಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನಾಲ್ಕೈದು ವರ್ಷದವರೆಗೂ ಆ ಎಚ್ಚರ ಬೇಕು. ಆದರೆ ಅಲರ್ಜಿಗೆ ಹೆದರಿ ದೂರವಿಡುವುದು ಉಲ್ಟಾ ಫಲ ಕೊಟ್ಟೀತು. ಬ್ರಿಟನ್ನಿನಲ್ಲಿ 640 ಶಿಶುಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ವರ್ಷದಿಂದಲೇ ಶೇಂಗಾ ತಿಂದ ಮಕ್ಕಳಲ್ಲಿ ಐದನೇ ವಯಸ್ಸಿಗೆ ಶೇಂಗಾ ಅಲರ್ಜಿ ಬಹಳ ಕಡಿಮೆ ಇತ್ತು. ಮೇಲಿನ ಆಹಾರ ಶುರುವಾದ ಕೂಸಿಗೆ ಚೂರೇ ಚೂರು ಬೆಣ್ಣೆಯನ್ನು ಅಂಬಲಿಯಲ್ಲಿ ತೆಳ್ಳಗೆ ಕದಡಿ ಕೊಡಬಹುದು. ಮೈಮೇಲೆ ತೀವ್ರ ಗಜ್ಜಿಯಂಥ ಎಕ್ಸಿಮಾ ಅಥವಾ ಮೊಟ್ಟೆಯ ಅಲರ್ಜಿ ಇರುವ ಕೂಸಾದರೆ ಮೊದಲು ವೈದ್ಯರಿಗೆ ತೋರಿಸಬೇಕು, ಚಮಚ ಆಮೇಲೆ.